ಸ್ವಿಚ್ ತಿರುಗಿದ್ದು ಪೆಟ್ಟಿಗೆಗೆ ಗೊತ್ತು, ಕೈ ಯಾರದೆಂದು ಗೊತ್ತಿಲ್ಲ

ಅಹಮದಾಬಾದ್ ವಿಮಾನ ದುರಂತದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಬಳ್ಳಾರಿಯ ಒಗ್ಗರಣೆ–ಮಿರ್ಚಿ ಅಂಗಡಿಯ ಬೆಂಚಿನ ಮೇಲಾಗಲಿ, ಕೊಪ್ಪಳ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಾಗಲಿ ಒಂದೇ ಪ್ರಶ್ನೆ ಏಳುತ್ತದೆ. ಬ್ಲ್ಯಾಕ್ ಬಾಕ್ಸ್ ಸಿಕ್ಕಿದೆ, ಅದರೊಳಗಿನದನ್ನು ಓದಿಯೂ ಆಗಿದೆ. ಅಂದಮೇಲೆ ಇನ್ನೂ ಯಾಕೆ ಜಗಳ? ಒಬ್ಬರು ಪೈಲಟ್ಟೇ ಇಂಧನ ನಿಲ್ಲಿಸಿದ ಅನ್ನುತ್ತಾರೆ, ಇನ್ನೊಬ್ಬರು ಕಂಪನಿಯವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುತ್ತಾರೆ. ಇಬ್ಬರೂ ತಮ್ಮ ಮಾತಿಗೆ ಅದೇ ಪೆಟ್ಟಿಗೆಯನ್ನೇ ಸಾಕ್ಷಿಗೆ ಕರೆಯುತ್ತಾರೆ.

ಗೊಂದಲದ ಮೂಲ ಪೆಟ್ಟಿಗೆಯಲ್ಲಿಲ್ಲ, ಅದರಿಂದ ನಾವು ಬಯಸುವುದರಲ್ಲಿದೆ. ಏನಾಯಿತು, ಯಾವ ಕ್ಷಣದಲ್ಲಿ ಆಯಿತು ಎಂಬುದನ್ನು ಆ ಪೆಟ್ಟಿಗೆ, ಅಂದರೆ ಫ್ಲೈಟ್ ರೆಕಾರ್ಡರ್, ಹೇಳುತ್ತದೆ. ಯಾಕಾಯಿತು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಆ ಎರಡರ ನಡುವಿನ ದಾರಿಯನ್ನು ತನಿಖಾಧಿಕಾರಿಗಳು ತಿಂಗಳುಗಟ್ಟಲೆ ನಡೆದೇ ಮುಗಿಸಬೇಕು.

ಮೂವತ್ತೆರಡು ಸೆಕೆಂಡು

2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿನ ಗ್ಯಾಟ್ವಿಕ್‌ಗೆ ಹೊರಟ ಏರ್ ಇಂಡಿಯಾ 171, ಬೋಯಿಂಗ್ 787-8 ವಿಮಾನ, ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಕಟ್ಟಡಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದವರಲ್ಲಿ 19 ಮಂದಿ ಸತ್ತರು. ಒಟ್ಟು 260 ಜೀವ.

ವಿಮಾನ ಅಪಘಾತ ತನಿಖಾ ಬ್ಯೂರೊ, ಅಂದರೆ ಎಎಐಬಿ, ಒಂದು ತಿಂಗಳಿಗೆ ಪ್ರಾಥಮಿಕ ವರದಿ ಹೊರತಂದಿತು. ಅದರ ಜೀವಾಳವೆಲ್ಲ ರೆಕಾರ್ಡರಿನಿಂದ ಬಂದದ್ದು. ವರದಿಯಲ್ಲಿರುವ ಹೊತ್ತನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿದರೆ ಕತೆ ಹೀಗಿದೆ. 1 ಗಂಟೆ 38 ನಿಮಿಷ 39 ಸೆಕೆಂಡಿಗೆ ಚಕ್ರ ನೆಲ ಬಿಟ್ಟಿತು. 42ನೇ ಸೆಕೆಂಡಿಗೆ ವೇಗ 180 ನಾಟ್ ಮುಟ್ಟಿತು. ಅದಾದ ಕೂಡಲೇ ಎರಡೂ ಎಂಜಿನ್ನುಗಳ ಇಂಧನ ಸ್ವಿಚ್ಚುಗಳು ಒಂದರ ಹಿಂದೊಂದು, ಒಂದು ಸೆಕೆಂಡಿನ ಅಂತರದಲ್ಲಿ, ಇಂಧನ ಹರಿಯುವ ‘ರನ್’ ಸ್ಥಾನದಿಂದ ಅದನ್ನು ನಿಲ್ಲಿಸುವ ‘ಕಟ್‌ಆಫ್’ ಸ್ಥಾನಕ್ಕೆ ಹೋದವು. 52ನೇ ಸೆಕೆಂಡಿಗೆ ಮೊದಲ ಸ್ವಿಚ್ಚು, 56ನೇ ಸೆಕೆಂಡಿಗೆ ಎರಡನೆಯದು ಮತ್ತೆ ‘ರನ್’ಗೆ ಬಂದವು. 1 ಗಂಟೆ 39 ನಿಮಿಷ 5 ಸೆಕೆಂಡಿಗೆ ‘ಮೇಡೇ’ ಎಂಬ ಅಪಾಯದ ಕೂಗು. 11ನೇ ಸೆಕೆಂಡಿಗೆ ರೆಕಾರ್ಡಿಂಗ್ ನಿಂತಿತು.

ನೆಲ ಬಿಟ್ಟಲ್ಲಿಂದ ಕೊನೆಯವರೆಗೆ 32 ಸೆಕೆಂಡು. ಇಂಧನ ಮರಳಿದ ಮೇಲೆ ಎರಡೂ ಎಂಜಿನ್ನುಗಳಲ್ಲಿ ಕಿಡಿ ಹತ್ತಿತ್ತು, ಒಂದು ಚೇತರಿಸಿಕೊಳ್ಳತೊಡಗಿತ್ತು ಕೂಡ. ಆದರೆ ಅಷ್ಟು ತಗ್ಗಿನಲ್ಲಿ ಹಾರುವ ವಿಮಾನಕ್ಕೆ ಬೇಕಿದ್ದ ಹೊತ್ತು ಉಳಿದಿರಲಿಲ್ಲ.

ಇದರ ನಡುವೆ ಎರಡು ಸಾಲು ಇವೆ, ಜಗಳವೆಲ್ಲ ಅಲ್ಲಿಂದ ಹುಟ್ಟಿದ್ದು. ಯಾಕೆ ಕಟ್‌ಆಫ್ ಮಾಡಿದ್ದು ಎಂದು ಒಬ್ಬ ಪೈಲಟ್ ಇನ್ನೊಬ್ಬರನ್ನು ಕೇಳಿದ್ದು ಕಾಕ್‌ಪಿಟ್ಟಿನ ಧ್ವನಿ ದಾಖಲೆಯಲ್ಲಿದೆ, ತಾನು ಮಾಡಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದ್ದಾರೆ ಎಂದು ವರದಿ ಹೇಳುತ್ತದೆ. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂದು ಹೇಳುವುದಿಲ್ಲ. ಮಾತುಗಳನ್ನು ಇದ್ದಂತೆ ಕೊಟ್ಟೂ ಇಲ್ಲ, ಸಾರಾಂಶ ಮಾತ್ರ.

ಶಕ್ತಿನಗರದ ಕಂಟ್ರೋಲ್ ರೂಮಿನವರಿಗೆ ಹೊಸದಲ್ಲ

ರೆಕಾರ್ಡರ್ ಕೆಲಸ ಮಾಡುವ ಬಗೆಯನ್ನು ನಮ್ಮ ಕಡೆಯವರಿಗೆ ವಿವರಿಸುವುದು ಕಷ್ಟವಲ್ಲ. ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ, ಅಂದರೆ ರಾಯಚೂರು ಉಷ್ಣ ವಿದ್ಯುತ್ ಕೇಂದ್ರದಲ್ಲಿ, ಒಂದು ಘಟಕ ಟ್ರಿಪ್ ಆಗಿ ನಿಂತರೆ ಪತ್ರಿಕೆಗೆ ‘ಬಾಯ್ಲರ್ ಟ್ಯೂಬ್ ಲೀಕೇಜ್’ ಎಂಬ ಎರಡು ಸಾಲಿನ ಸುದ್ದಿ. ಒಳಗಿನ ಎಂಜಿನಿಯರಿಗೆ ಅಲ್ಲಿಂದ ಕೆಲಸ ಶುರು. ಒಂದು ಸೆಕೆಂಡಿನೊಳಗೆ ಹತ್ತಾರು ಅಲಾರಂ ಬಂದಿರುತ್ತವೆ. ಮೊದಲು ಬಂದದ್ದು ಯಾವುದು? ಅದು ಕಾರಣ, ಉಳಿದವು ಅದರ ಪರಿಣಾಮ. ಪರದೆಯ ಮೇಲಿನ ಟ್ರೆಂಡ್ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ದಿನದ ಕೆಲಸವೇ.

ವಿಮಾನದಲ್ಲೂ ಇದೇ ತರ್ಕ. ಎತ್ತರ, ವೇಗ, ದಿಕ್ಕು, ಮೂತಿ ಎಷ್ಟು ಎತ್ತಿದೆ, ರೆಕ್ಕೆ ಎಷ್ಟು ವಾಲಿದೆ, ಎಂಜಿನ್ ಎಷ್ಟು ಸುತ್ತುತ್ತಿದೆ, ರೆಕ್ಕೆಯ ಹಿಂಬದಿಯ ಫಲಕ, ಅಂದರೆ ಫ್ಲ್ಯಾಪ್, ಎಲ್ಲಿದೆ, ಪೈಲಟ್ ಯಾವ ಲಿವರನ್ನು ಎಷ್ಟು ಸರಿಸಿದ್ದಾರೆ ಎಂಬುದನ್ನೆಲ್ಲ ಸೆನ್ಸರುಗಳು ಅಳೆದು ಒಂದು ಸಂಗ್ರಾಹಕಕ್ಕೆ ಕಳಿಸುತ್ತವೆ. ಅದು ಎಲ್ಲವನ್ನೂ ಸೊನ್ನೆ–ಒಂದುಗಳ ಸಾಲಾಗಿಸಿ ಎಫ್‌ಡಿಆರ್‌ಗೆ, ಅಂದರೆ ಹಾರಾಟದ ದತ್ತಾಂಶ ದಾಖಲಿಸುವ ಪೆಟ್ಟಿಗೆಗೆ, ಹಾಕುತ್ತದೆ. ಅದರಲ್ಲಿ ಕೊನೆಯ 25 ಗಂಟೆಯಾದರೂ ಉಳಿದಿರಬೇಕೆಂಬುದು ನಿಯಮ. 787ರಂತಹ ವಿಮಾನದಲ್ಲಿ ಹೀಗೆ ದಾಖಲಾಗುವ ಅಂಶಗಳು ಸಾವಿರಕ್ಕೂ ಹೆಚ್ಚು. ಅದರ ಜತೆಗಾರ ಸಿವಿಆರ್, ಕಾಕ್‌ಪಿಟ್ಟಿನ ಧ್ವನಿ ಹಿಡಿಯುವಂಥದ್ದು. ಹಳೆಯ ವಿಮಾನಗಳಲ್ಲಿ ಇವು ಬೇರೆ ಬೇರೆ ಪೆಟ್ಟಿಗೆ. 787ರಲ್ಲಿ ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುತ್ತದೆ, ಅಂಥವು ಎರಡಿವೆ: ಮುಂದೊಂದು, ಬಾಲದಲ್ಲೊಂದು.

ಇಲ್ಲಿ ಸುದ್ದಿವಾಹಿನಿಗಳು ಮುಟ್ಟದ ಒಂದು ಸೂಕ್ಷ್ಮವಿದೆ. ರೆಕಾರ್ಡರ್ ಬಿಡದೆ ನೋಡುತ್ತಿರುವುದಿಲ್ಲ, ಆಗಾಗ ಇಣುಕುತ್ತದೆ. ಮೇಲೆ–ಕೆಳಗಿನ ಕುಲುಕಾಟವನ್ನು ಸೆಕೆಂಡಿಗೆ 8 ಸಲ ಇಣುಕಿ ನೋಡಿದರೆ, ಹಲವು ಸ್ವಿಚ್ಚುಗಳ ಸ್ಥಿತಿಯನ್ನು ಸೆಕೆಂಡಿಗೆ ಒಂದೇ ಸಲ ನೋಡುತ್ತದೆ. ಸೆಕೆಂಡಿಗೊಮ್ಮೆ ನೋಡುವ ಎರಡು ಸ್ವಿಚ್ಚುಗಳ ನಡುವೆ ‘ಒಂದು ಸೆಕೆಂಡಿನ ಅಂತರ’ ಕಂಡಿತೆಂದರೆ, ನಿಜವಾದ ಅಂತರ ಅದಕ್ಕಿಂತ ಕಡಿಮೆಯೂ ಇದ್ದೀತು, ಹೆಚ್ಚೂ ಇದ್ದೀತು. ಒಂದು ಕೈ ಎರಡು ಸ್ವಿಚ್ಚು ಎಳೆಯಲು ಎಷ್ಟು ಹೊತ್ತು ಬೇಕು ಎಂದು ಟಿವಿಯಲ್ಲಿ ಸ್ಟಾಪ್‌ವಾಚ್ ಹಿಡಿದು ತೋರಿಸಿದವರು ಇದನ್ನು ಹೇಳಲಿಲ್ಲ.

ಇನ್ನೊಂದು, ಇದಕ್ಕಿಂತ ದೊಡ್ಡದು. ರೆಕಾರ್ಡರಿಗೆ ಮುಟ್ಟುವುದು ಸ್ವಿಚ್ಚಿನಿಂದ ಬಂದ ವಿದ್ಯುತ್ ಸಂಕೇತ. ಆ ಸ್ವಿಚ್ಚಿನ ಮೇಲೆ ಬೆರಳು ಇತ್ತೇ, ಇದ್ದರೆ ಯಾರದು ಎಂಬುದು ಆ ತಂತಿಯಲ್ಲಿ ಹರಿಯುವುದಿಲ್ಲ.

ಕಾದ ಕಬ್ಬಿಣಕ್ಕಿಂತ ಸ್ವಲ್ಪ ತಂಪು

ಹೆಸರಿಗೆ ಕಪ್ಪುಪೆಟ್ಟಿಗೆ, ಬಣ್ಣ ಕಡು ಕಿತ್ತಳೆ. ಅವಶೇಷಗಳ ನಡುವೆ ಕಣ್ಣಿಗೆ ಬೀಳಲಿ ಎಂದು. ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್ ಇದರ ಜನಕ. 1934ರಲ್ಲಿ ಅವರ ತಂದೆ ವಿಮಾನ ಅಪಘಾತದಲ್ಲೇ ತೀರಿಕೊಂಡಿದ್ದರು. 1953ರಲ್ಲಿ ಕಾಮೆಟ್ ಜೆಟ್ ವಿಮಾನಗಳ ಅಪಘಾತಕ್ಕೆ ಕಾರಣ ಹುಡುಕುವ ಕೆಲಸಕ್ಕೆ ಕೂತಾಗ, ಕಾಕ್‌ಪಿಟ್ಟಿನ ಮಾತು ಉಳಿದಿದ್ದರೆ ಎಂಬ ಯೋಚನೆ ಅವರಿಗೆ ಬಂತು. ಅವರ ಮೊದಲ ಮಾದರಿ ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಯ ಮಾತು ಹಿಡಿಯುತ್ತಿತ್ತು. ಆಗಿನ ಪೈಲಟ್ಟುಗಳು ಇದನ್ನು ಬೇಹುಗಾರಿಕೆ ಎಂದು ವಿರೋಧಿಸಿದರು. ಆ ವಾದ ಇವತ್ತಿಗೂ ಜೀವಂತವಾಗಿದೆ, ಮುಂದೆ ಬರುತ್ತದೆ.

ಇಂದಿನ ಪೆಟ್ಟಿಗೆಯಲ್ಲಿ ನಿಜವಾಗಿ ಉಳಿಯಬೇಕಾದದ್ದು ಅಂಗೈಯಲ್ಲಿ ಹಿಡಿಸುವಷ್ಟು ಮೆಮೊರಿ ಚಿಪ್ಪುಗಳು. ಅವುಗಳ ಸುತ್ತ ಶಾಖ ತಡೆಯುವ ಪದರ, ಅದರಾಚೆ ದಪ್ಪ ಉಕ್ಕು ಇಲ್ಲವೇ ಟೈಟೇನಿಯಂ ಕವಚ. ಗುರುತ್ವದ 3,400 ಪಟ್ಟು ಹೊಡೆತ, 227 ಕೆ.ಜಿ. ತೂಕದ ಮೊಳೆ ಮೂರು ಮೀಟರ್ ಮೇಲಿಂದ ಬಿದ್ದ ಏಟು, 1,100 ಡಿಗ್ರಿ ಬೆಂಕಿಯಲ್ಲಿ ಒಂದು ಗಂಟೆ, ಆರು ಸಾವಿರ ಮೀಟರ್ ಆಳದ ನೀರಿನ ಒತ್ತಡ, ಇಷ್ಟನ್ನೂ ತಾಳಿದರೆ ಪಾಸ್. ತೋರಣಗಲ್ಲಿನಂಥ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿನಿಂದ ಹರಿದು ಬರುವ ಕಬ್ಬಿಣ 1,500 ಡಿಗ್ರಿ ಆಸುಪಾಸು ಇರುತ್ತದೆ ಎಂದರೆ, ಈ ಪರೀಕ್ಷೆ ಅದಕ್ಕೆ ನಾನೂರು ಡಿಗ್ರಿಯಷ್ಟೇ ಕೆಳಗೆ. ಆದರೂ ಪೆಟ್ಟಿಗೆಗೂ ಒಂದು ಮಿತಿ ಇದೆ. ಅಹಮದಾಬಾದಿನಲ್ಲಿ ಅದು ಕಂಡಿತು. ಬಾಲದ ಪೆಟ್ಟಿಗೆ ಮರುದಿನವೇ ಕಟ್ಟಡವೊಂದರ ಮೇಲೆ ಸಿಕ್ಕರೂ ಹಾಳಾಗಿತ್ತು, ಮಾಮೂಲಿ ವಿಧಾನದಲ್ಲಿ ಅದರಿಂದ ಏನೂ ಇಳಿಸಿಕೊಳ್ಳಲಾಗಲಿಲ್ಲ. ಮುಂದಿನ ಪೆಟ್ಟಿಗೆ ಜೂನ್ 16ರಂದು ಸಿಕ್ಕಿತು. ಈಗ ಗೊತ್ತಿರುವುದೆಲ್ಲ ಅದರ ಪುಣ್ಯ.

ಸಿಕ್ಕ ಪೆಟ್ಟಿಗೆಗೆ ಕೇಬಲ್ ಚುಚ್ಚಿ ಪೆನ್‌ಡ್ರೈವಿನ ಹಾಗೆ ಓದುವುದಲ್ಲ. ಹೊರಕವಚ ಕತ್ತರಿಸಿ, ಒಳಗಿನ ಮೆಮೊರಿ ಭಾಗವನ್ನು ಬೇರ್ಪಡಿಸಿ, ಸುಟ್ಟ ಕನೆಕ್ಟರುಗಳನ್ನು ಪರೀಕ್ಷಿಸಿ, ಅದೇ ಮಾದರಿಯ ಸುಸ್ಥಿತಿಯ ಇನ್ನೊಂದು ಯಂತ್ರಕ್ಕೆ ಜೋಡಿಸುತ್ತಾರೆ. ಅದಕ್ಕೆ ಗೋಲ್ಡನ್ ಚಾಸಿಸ್ ಅನ್ನುತ್ತಾರೆ. ಒಂದು ತಪ್ಪು ವೋಲ್ಟೇಜು ಹರಿದರೆ ಬೆಂಕಿಯಿಂದ ಉಳಿದದ್ದು ಮೇಜಿನ ಮೇಲೆ ಸತ್ತುಹೋಗುತ್ತದೆ. ಅಹಮದಾಬಾದ್ ಪ್ರಕರಣದಲ್ಲಿ ಚಾಸಿಸ್ ಮತ್ತು ಕೇಬಲ್ಲುಗಳು ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯಿಂದ ಬಂದವು, ಜೂನ್ 24–25ರಂದು ದೆಹಲಿಯ ಎಎಐಬಿ ಪ್ರಯೋಗಾಲಯದಲ್ಲೇ ದತ್ತಾಂಶ ಇಳಿಯಿತು. ಸುಮಾರು 49 ಗಂಟೆಯ, ಆರು ಹಾರಾಟಗಳ ದತ್ತಾಂಶ. ಧ್ವನಿ ಎರಡು ಗಂಟೆಯದು. ಎರಡು ವಾರ ತಡ ಯಾಕೆ, ಏನೋ ಅಳಿಸುತ್ತಿದ್ದಾರೆ ಎಂಬ ಅನುಮಾನಕ್ಕೆ ಉತ್ತರ ಈ ಮೇಜಿನ ಮೇಲಿನ ಕೆಲಸದಲ್ಲಿದೆ.

ಮಂಗಳೂರಿನಲ್ಲಿ ಕೇಳಿದ ಗೊರಕೆ

ಸಿವಿಆರ್ ಅಂದರೆ ಮಾತು ಎಂದುಕೊಳ್ಳುತ್ತೇವೆ. ತನಿಖಾಧಿಕಾರಿಗೆ ಅದರಲ್ಲಿ ಮಾತಿಗಿಂತ ಸದ್ದು ಹೆಚ್ಚು ಬೆಲೆಯದು. ಪೈಲಟ್ಟುಗಳ ಮೈಕುಗಳ ಜತೆಗೆ ಕಾಕ್‌ಪಿಟ್ಟಿನ ಇಡೀ ಸದ್ದು ಹಿಡಿಯುವ ಮೈಕು ಒಂದಿದೆ. ಲಿವರ್ ಸರಿದ ಕಟ್ ಸದ್ದು, ಎಂಜಿನ್ನಿನ ಶ್ರುತಿ ಇಳಿದದ್ದು, ಕುರ್ಚಿ ಹಿಂದೆ ಸರಿದದ್ದು, ಎಚ್ಚರಿಕೆಯ ಗಂಟೆ ಎಲ್ಲವೂ ಅದರಲ್ಲಿವೆ. ಆ ಸದ್ದಿನ ಕಂಪನಾಂಕ ಬಿಡಿಸಿದರೆ ಎಂಜಿನ್ ಎಷ್ಟು ವೇಗದಲ್ಲಿತ್ತು ಎಂದು ಲೆಕ್ಕ ಹಾಕಬಹುದು, ಎಫ್‌ಡಿಆರ್ ಹೇಳಿದ್ದಕ್ಕೆ ತಾಳೆ ನೋಡಬಹುದು.

2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು, 8 ಮಂದಿ ಬದುಕಿದರು. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇಯೇ ಕಾರಣ ಎಂದು ಆಗ ಎಲ್ಲೆಡೆ ಮಾತು. ಎಫ್‌ಡಿಆರ್ ಬೇರೆಯದನ್ನು ತೋರಿಸಿತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂದಿತ್ತು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ಊರಿತು. ಹಾಗಾದರೆ ಅನುಭವಿ ಕ್ಯಾಪ್ಟನ್ ಅಷ್ಟು ಎತ್ತರದಿಂದ ಯಾಕೆ ಇಳಿಸಲು ಹೋದರು? ಅದಕ್ಕೆ ಉತ್ತರ ಸಿವಿಆರ್‌ನಲ್ಲಿತ್ತು, ಅದೂ ಮಾತಿನಲ್ಲಲ್ಲ. ಎರಡು ಗಂಟೆ ಐದು ನಿಮಿಷದ ಧ್ವನಿಯಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ನರ ಮಾತೇ ಇಲ್ಲ, ಭಾರವಾದ ಉಸಿರು, ಗೊರಕೆ. ನಿದ್ದೆಯಿಂದೆದ್ದ ಮಂಪರಿನಲ್ಲಿ ನಿರ್ಧಾರಶಕ್ತಿ ಕುಂದಿತ್ತು ಎಂಬ ತೀರ್ಮಾನಕ್ಕೆ ತನಿಖೆ ಬಂತು. ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದು ಸಹಪೈಲಟ್ ಮೂರು ಸಲ ಹೇಳಿದ್ದೂ ಅದರಲ್ಲಿದೆ.

ಹಳೆಯ ಸಿವಿಆರ್‌ಗಳಲ್ಲಿ ಉಳಿಯುತ್ತಿದ್ದುದು ಕೊನೆಯ ಅರ್ಧ ಗಂಟೆ ಮಾತ್ರ. ಅಂಥದ್ದೊಂದು ಆ ವಿಮಾನದಲ್ಲಿದ್ದಿದ್ದರೆ ಆ ನಿದ್ದೆಯ ಬಹುಪಾಲು ಸಿಗುತ್ತಲೇ ಇರಲಿಲ್ಲ. ತಪ್ಪು ಮಾಡಿದ ಪೈಲಟ್ ಎಂಬಲ್ಲಿಗೆ ಕಡತ ಮುಚ್ಚುತ್ತಿತ್ತು, ದಣಿವು ಎಂಬ ಪದ ಅದರಲ್ಲಿ ಬರುತ್ತಿರಲಿಲ್ಲ. ಎಷ್ಟು ಹೊತ್ತಿನ ಧ್ವನಿ ಉಳಿಯಬೇಕು ಎಂಬುದು ಒಣ ತಾಂತ್ರಿಕ ಪ್ರಶ್ನೆಯಂತೆ ಕಂಡರೂ, ಕಾರಣ ಯಾವುದೆಂದು ಬರೆಯುತ್ತೇವೆ ಎಂಬುದು ಅದರ ಮೇಲೆ ನಿಂತಿರುತ್ತದೆ.

ಪಕ್ಕಪಕ್ಕದ ಗುಂಡಿ, ಪಕ್ಕಪಕ್ಕದ ಲಿವರ್

1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸಿನ ಹೊಸ ಏರ್‌ಬಸ್ ಎ320 ಬಿದ್ದು 92 ಮಂದಿ ಸತ್ತರು. ಆಗಲೂ ಇಂದಿನಂಥದ್ದೇ ವಾದ. ಕಂಪ್ಯೂಟರ್ ಓಡಿಸುವ ವಿಮಾನ ಕೈಕೊಟ್ಟಿತು ಎಂದು ಒಂದು ಪಕ್ಷ, ಪೈಲಟ್ಟರ ತಪ್ಪು ಎಂದು ಇನ್ನೊಂದು. ರೆಕಾರ್ಡರುಗಳು ತೋರಿಸಿದ್ದು ಇಷ್ಟು: ಇಳಿಯುವ ಕೊನೆಯ ಹಂತದಲ್ಲಿ ಎಂಜಿನ್ನುಗಳು ತೀರ ಕಡಿಮೆ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು, ಪೂರ್ಣ ಶಕ್ತಿ ಕೇಳಿದಾಗ ಹೊತ್ತು ಮೀರಿತ್ತು. ಯಾಕೆ ಆ ಸ್ಥಿತಿಗೆ ಹೋಯಿತು? ಹೈಕೋರ್ಟ್ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವಿಚಾರಣೆ ಗುರುತಿಸಿದ ಒಂದು ಸಾಧ್ಯತೆ ಎಂದರೆ, ಇಳಿಯುವ ದರದ ಗುಂಡಿ ತಿರುಗಿಸುವ ಬದಲು ಎತ್ತರದ ಗುಂಡಿ ತಿರುಗಿಸಿದ್ದು. ರೆಕಾರ್ಡರ್ ಹೇಳಿದ್ದು ಎಂಜಿನ್ನಿನ ಸ್ಥಿತಿ. ಗುಂಡಿಯ ಕತೆಯನ್ನು ಉಳಿದ ಸಾಕ್ಷ್ಯಗಳಿಂದ ಹೆಣೆಯಬೇಕಾಯಿತು.

2023ರ ಜನವರಿ 15ರ ಪೋಖರಾ ಅಪಘಾತ ನಮಗೆ ಇನ್ನೂ ಹತ್ತಿರದ್ದು. ನೇಪಾಳದಲ್ಲಿ ಬಿದ್ದದ್ದು ಎಟಿಆರ್ 72. ಉಡಾನ್ ಯೋಜನೆಯಲ್ಲಿ 2017ರಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬಳ್ಳಾರಿಯವರನ್ನು ಹೊತ್ತು ತಂದ ಎರಡು ಪಂಖದ ವಿಮಾನವೂ ಇದೇ ಜಾತಿ. ಪೋಖರಾದಲ್ಲಿ 72 ಮಂದಿ ಸತ್ತರು. ಎಫ್‌ಡಿಆರ್‌ನಲ್ಲಿ ಕಂಡದ್ದು: ಎರಡೂ ಪಂಖಗಳ ಎಲೆಗಳು ಏಕಕಾಲಕ್ಕೆ ಗಾಳಿಗೆ ಅಂಚು ಕೊಟ್ಟು ನಿಂತವು, ಎಂಜಿನ್ ಓಡುತ್ತಿದ್ದರೂ ನೂಕುವ ಬಲ ಸೊನ್ನೆಗೆ ಇಳಿಯಿತು. ಎಂಜಿನ್ ಎರಡೂ ಒಟ್ಟಿಗೆ ಕೆಡುವುದು ಅಪರೂಪದಲ್ಲಿ ಅಪರೂಪ, ಹಾಗಾಗಿ ಅನುಮಾನ ಲಿವರಿನ ಕಡೆ ಹೋಯಿತು. ಫ್ಲ್ಯಾಪ್ ಲಿವರ್ ಎಳೆಯಬೇಕಾದಲ್ಲಿ ಅದರ ಹತ್ತಿರದ ಕಂಡೀಷನ್ ಲಿವರುಗಳನ್ನು, ಅಂದರೆ ಪಂಖದ ಎಲೆಗಳನ್ನು ಹೀಗೆ ತಿರುಗಿಸಬಲ್ಲ ಲಿವರುಗಳನ್ನು, ಅರಿವಿಲ್ಲದೆ ಎಳೆದದ್ದು ಎಂಬುದು ತನಿಖೆಯ ತೀರ್ಮಾನ. ಎಂಜಿನ್ನಿನಲ್ಲಿ ಶಕ್ತಿ ಇಲ್ಲ ಎಂದು ಪೈಲಟ್ಟುಗಳೇ ಹೇಳಿಕೊಂಡದ್ದು ಸಿವಿಆರ್‌ನಲ್ಲಿದೆ, ಕೈ ತಪ್ಪಿದ್ದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಲ್ಲೊಂದು ಮಾತು. ‘ಕೈ ತಪ್ಪಿತು’ ಎಂಬುದು ಪೈಲಟ್ಟನ್ನು ಬೈಯುವ ವಾಕ್ಯವಲ್ಲ. ಲಿವರುಗಳನ್ನು ಯಾಕೆ ಹಾಗೆ ಜೋಡಿಸಿದರು, ಹೊಸ ನಿಲ್ದಾಣದಲ್ಲಿ ಇಳಿಯುವ ಒತ್ತಡ ಎಷ್ಟಿತ್ತು, ಚೆಕ್‌ಲಿಸ್ಟ್ ಹೇಗೆ ಓದುತ್ತಿದ್ದರು ಎಂಬ ಪ್ರಶ್ನೆಗಳಿಗೆ ಅದು ಬಾಗಿಲು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳ 13ನೇ ಅನುಬಂಧ ಸ್ಪಷ್ಟವಾಗಿ ಹೇಳುವುದೂ ಅದನ್ನೇ: ತನಿಖೆ ಇರುವುದು ಮುಂದಿನ ಅಪಘಾತ ತಡೆಯಲು, ತಪ್ಪಿತಸ್ಥರನ್ನು ನಿಲ್ಲಿಸಲು ಅಲ್ಲ. ನಮ್ಮಲ್ಲಿ ಈ ಸಾಲು ಗೊತ್ತಿರುವವರು ಕಡಿಮೆ.

ಅಹಮದಾಬಾದಿನಲ್ಲಿ ಯಾರ ವಾದ ಏನು

ಒಂದು ವಾದ: ಇಂಧನ ಸ್ವಿಚ್ಚು ಮನೆಯ ಫ್ಯಾನಿನ ಸ್ವಿಚ್ಚಿನಂತಲ್ಲ. ಮೇಲಕ್ಕೆ ಎಳೆದು, ತಡೆಗಟ್ಟು ದಾಟಿಸಿ, ಸರಿಸಬೇಕು. ಮೊಣಕೈ ತಾಗಿ ಒಂದು ಸರಿಯುವುದೇ ಕಷ್ಟ, ಒಂದರ ಹಿಂದೊಂದು ಎರಡು ಸರಿಯುವುದು ಇನ್ನೂ ಕಷ್ಟ. ಆದ್ದರಿಂದ ಯಾರೋ ಸರಿಸಿದ್ದಾರೆ. ಅಮೆರಿಕದ ಪತ್ರಿಕೆಯೊಂದು ಹೆಸರಿಲ್ಲದ ಮೂಲಗಳನ್ನು ಹಿಡಿದು ಬೆರಳನ್ನು ಕ್ಯಾಪ್ಟನ್ನರ ಕಡೆಗೇ ತಿರುಗಿಸಿತು. ಇಂಥ ಊಹೆ ಅಕಾಲಿಕ ಎಂದು ಎಎಐಬಿಯೂ ಹೇಳಿತು, ಅಮೆರಿಕದ ತನಿಖಾ ಸಂಸ್ಥೆಯ ಮುಖ್ಯಸ್ಥರೂ ಹೇಳಿದರು.

ಪೈಲಟ್ ಸಂಘಗಳ ವಾದ ಬೇರೆ. ದಾಖಲಾದದ್ದು ಸಂಕೇತ, ಸ್ವಿಚ್ಚಿನ ನಿಜವಾದ ಚಲನೆ ಅಲ್ಲ. ಸಂಕೇತ ವಿದ್ಯುತ್ ದೋಷದಿಂದಲೂ ಬರಬಹುದು. 2018ರಲ್ಲೇ ಅಮೆರಿಕದ ವಿಮಾನಯಾನ ಆಡಳಿತವು ಕೆಲವು ಬೋಯಿಂಗ್ 737ಗಳಲ್ಲಿ ಈ ಸ್ವಿಚ್ಚುಗಳ ತಡೆ ಕಳಚಿದ್ದನ್ನು ನೋಡಿ ಮಾಹಿತಿಪತ್ರ ಹೊರಡಿಸಿತ್ತು. ಅದು ಸಲಹೆ, ಕಡ್ಡಾಯವಲ್ಲ. ಹಾಗಾಗಿ ಆ ತಪಾಸಣೆ ಮಾಡಿರಲಿಲ್ಲ ಎಂದು ಏರ್ ಇಂಡಿಯಾ ತನಿಖೆಗೆ ತಿಳಿಸಿದೆ. ಎಂಜಿನ್ ಶಕ್ತಿ ಹೋದಾಗ ಹೊರಗೆ ಚಾಚುವ ಪುಟ್ಟ ಗಾಳಿಚಕ್ರ, ರ‍್ಯಾಟ್, ಸ್ವಿಚ್ಚು ಸರಿಯುವ ಮೊದಲೇ ಹೊರಬಂದಿತ್ತೇ ನಂತರವೇ ಎಂಬುದೂ ವಾದದ ವಸ್ತು. ಮೊದಲೇ ಬಂದಿದ್ದರೆ ಕಾರಣ ಬೇರೆಡೆ ಇದೆ ಎಂದರ್ಥ. ಟ್ರಿಪ್ ಆದ ಘಟಕದಲ್ಲಿ ಮೊದಲ ಅಲಾರಂ ಹುಡುಕುವುದೆಂದೆನಲ್ಲ, ಅದೇ ಪ್ರಶ್ನೆ ಇದು.

ಇನ್ನೊಂದು ತಕ್ಕಡಿಗೆ ಇವನ್ನೂ ಹಾಕಬೇಕು. ಏರ್ ಇಂಡಿಯಾ ತನ್ನ ಬೋಯಿಂಗ್ ವಿಮಾನಗಳ ಸ್ವಿಚ್ಚು ತಪಾಸಿಸಿ ತಡೆಯಲ್ಲಿ ದೋಷವಿಲ್ಲ ಎಂದಿತು. ಪ್ರಾಥಮಿಕ ವರದಿ 787-8 ಓಡಿಸುವ ಇತರರಿಗೆ, ಎಂಜಿನ್ ತಯಾರಕರಿಗೆ, ಯಾವ ತುರ್ತು ಶಿಫಾರಸನ್ನೂ ಮಾಡಲಿಲ್ಲ. ವಿಮಾನದ್ದೇ ದೋಷ ಎಂಬ ಬಲವಾದ ಸುಳಿವಿದ್ದಿದ್ದರೆ ಆ ಹಂತದಲ್ಲೇ ಎಚ್ಚರಿಕೆ ಕೊಡುವುದು ವಾಡಿಕೆ. ಇದು ಸುಳಿವು, ತೀರ್ಪಲ್ಲ.

ನನ್ನ ದೃಷ್ಟಿಯಲ್ಲಿ ಎಎಐಬಿ ಎಡವಿದ್ದು ಆ ಎರಡು ಸಾಲಿನಲ್ಲಿ. ಸಂಭಾಷಣೆಯನ್ನು ಪೂರ್ತಿ ಕೊಡಬೇಕಿತ್ತು, ಇಲ್ಲವೇ ಅಂತಿಮ ವರದಿಯವರೆಗೆ ಬಾಯಿ ಬಿಡಬಾರದಿತ್ತು. ಯಾವ ಕ್ಷಣದ ಮಾತು, ಯಾರ ಧ್ವನಿ, ಹಿಂದೆ ಮುಂದೆ ಏನು ಎಂಬುದಿಲ್ಲದ ಒಂದು ಪ್ರಶ್ನೆ, ಒಂದು ಉತ್ತರವನ್ನು ನಡುಬೀದಿಯಲ್ಲಿಟ್ಟರೆ ಉಳಿದದ್ದನ್ನು ಜನ ತುಂಬಿಕೊಳ್ಳುತ್ತಾರೆ. ಮಾತಾಡಲು ಇಲ್ಲದ ಇಬ್ಬರ ಮೇಲೆ ಅದು ಬಿತ್ತು. ಕ್ಯಾಪ್ಟನ್ನರ ವೃದ್ಧ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು.

ಪೆಟ್ಟಿಗೆಯೂ ಮೂಕವಾಗುತ್ತದೆ

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್ ವಿಮಾನ ಬಿದ್ದು 179 ಮಂದಿ ಸತ್ತರು. ಎರಡೂ ಪೆಟ್ಟಿಗೆ ಸಿಕ್ಕವು. ತೆರೆದು ನೋಡಿದರೆ ಕೊನೆಯ ನಾಲ್ಕು ನಿಮಿಷ ಇಲ್ಲ. ವಿಮಾನದ ವಿದ್ಯುತ್ ಹೋದಾಗ ರೆಕಾರ್ಡರುಗಳೂ ನಿಂತಿದ್ದವು. ಎಲ್ಲಕ್ಕಿಂತ ಬೇಕಾಗಿದ್ದ ಹೊತ್ತೇ ಖಾಲಿ. ಅಹಮದಾಬಾದಿನ 787ರ ಮುಂದಿನ ಪೆಟ್ಟಿಗೆಗೆ ಹತ್ತು ನಿಮಿಷದ ಸ್ವಂತ ಬ್ಯಾಟರಿ ಇತ್ತು, ಎಂಜಿನ್ ನಿಂತರೂ ದಾಖಲೆ ನಿಲ್ಲಲಿಲ್ಲ.

ಇದಕ್ಕೆ ತಿರುವುಮುರುವಾದದ್ದು 2024ರ ಜನವರಿ 5ರದ್ದು. ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲಿನಂಥ ಒಂದು ಫಲಕ ಆಕಾಶದಲ್ಲೇ ಕಳಚಿ ಹಾರಿತು, ವಿಮಾನ ಕ್ಷೇಮವಾಗಿ ಇಳಿಯಿತು. ಎಲ್ಲರೂ ಬದುಕಿದರು, ಧ್ವನಿ ಸತ್ತಿತು. ಎರಡು ಗಂಟೆಯ ಸಿವಿಆರನ್ನು ಸಕಾಲಕ್ಕೆ ಯಾರೂ ನಿಲ್ಲಿಸದ್ದರಿಂದ ಹಳೆಯದರ ಮೇಲೆ ಹೊಸದು ಬರೆದುಹೋಯಿತು. 25 ಗಂಟೆಯ ಸಿವಿಆರ್ ಬೇಕೆಂಬ ಕೂಗಿಗೆ ಇದು ಬಲ ಕೊಟ್ಟಿತು. ಯುರೋಪಿನಲ್ಲಿ 2021ರಿಂದ ತಯಾರಾಗುವ ದೊಡ್ಡ ವಿಮಾನಗಳಿಗೆ ಅದು ಆಗಲೇ ಕಡ್ಡಾಯವಾಗಿತ್ತು. ಅಮೆರಿಕ 2024ರ ಕಾಯ್ದೆಯಲ್ಲಿ ಸೇರಿಸಿಕೊಂಡಿತು.

ಸಮುದ್ರದ ತಳ ಇನ್ನೊಂದು ಸಮಸ್ಯೆ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಪೆಟ್ಟಿಗೆಗಳು ಸಿಕ್ಕಿದ್ದು 2011ರಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ದತ್ತಾಂಶ ಹಾಗೇ ಇತ್ತು. ನೀರಲ್ಲಿ ಪಿಕ್ ಪಿಕ್ ಎನ್ನುವ ಬೀಕನ್ನಿನ ಆಯುಸ್ಸು 30 ದಿನದಿಂದ 90ಕ್ಕೆ ಏರಿದ್ದು ಆ ಅನುಭವದಿಂದ. 2014ರಲ್ಲಿ ಕಾಣೆಯಾದ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್ 370 ವಿಮಾನದ ಪೆಟ್ಟಿಗೆಗಳು ಸಿಕ್ಕಿಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಏನು ಬೇಕಾದರೂ ಹೇಳಬಹುದಾಗಿದೆ.

ಉಳಿದ ವಿವಾದ ಕ್ಯಾಮೆರಾದ್ದು. ಕಾಕ್‌ಪಿಟ್ಟಿನಲ್ಲಿ ವಿಡಿಯೊ ರೆಕಾರ್ಡರ್ ಬೇಕೆಂದು ಎನ್‌ಟಿಎಸ್‌ಬಿ 2000ದಿಂದಲೇ ಹೇಳುತ್ತಿದೆ. ಅಹಮದಾಬಾದ್ ವರದಿಯ ಬೆನ್ನಿಗೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘಟನೆಯ ಮುಖ್ಯಸ್ಥ ವಿಲ್ಲಿ ವಾಲ್ಶ್ ಅವರೂ ಅದರ ಪರ ಮಾತಾಡಿದರು. ಪೈಲಟ್ ಸಂಘಗಳು ಒಪ್ಪಿಲ್ಲ. ದಿನವಿಡೀ ಕ್ಯಾಮೆರಾದ ಕೆಳಗೆ ಕೂತು ಕೆಲಸ ಮಾಡುವ ಹಿಂಸೆ ಒಂದು, ಸಾವಿನ ಕ್ಷಣಗಳು ಸೋರಿ ಮೊಬೈಲಿನಿಂದ ಮೊಬೈಲಿಗೆ ಹರಿಯುವ ಭಯ ಇನ್ನೊಂದು. ವಿಡಿಯೊ ಇದ್ದಿದ್ದರೆ ಅಹಮದಾಬಾದಿನ ‘ಯಾರ ಕೈ’ ಎಂಬ ಪ್ರಶ್ನೆ ಒಂದೇ ದಿನದಲ್ಲಿ ತೀರುತ್ತಿತ್ತು ಎಂಬುದು ನಿಜ. ಆದರೆ ಎರಡು ಸಾಲಿನ ಸಾರಾಂಶವನ್ನೇ ಹೀಗೆ ಬಳಸಿದ ನಾವು ಆ ದೃಶ್ಯವನ್ನು ಏನು ಮಾಡುತ್ತಿದ್ದೆವು ಎಂದು ಪೈಲಟ್ಟುಗಳು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಸೋರಿಕೆಗೆ ಕಠಿಣ ಶಿಕ್ಷೆಯ ಕಾನೂನು ಮೊದಲು ಬರಬೇಕು, ಕ್ಯಾಮೆರಾ ಆಮೇಲೆ.

ನಮ್ಮ ಭಾಗಕ್ಕೆ ಇದರಿಂದೇನು

ರೆಕಾರ್ಡರ್ ಎಂದರೆ ಸತ್ತ ಮೇಲೆ ತೆರೆಯುವುದು ಎಂಬ ಭಾವನೆ ಇದೆ. ವಿಮಾನ ಕಂಪನಿಗಳಲ್ಲಿ ಅದೇ ದತ್ತಾಂಶದ ಪ್ರತಿಯೊಂದು, ಸುಲಭವಾಗಿ ತೆಗೆದು ನೋಡುವಂಥ ಬೇರೆ ಉಪಕರಣದಲ್ಲಿ, ದಿನವೂ ಕೂಡುತ್ತಿರುತ್ತದೆ. ವಿದ್ಯಾನಗರದಲ್ಲಿ ಇಳಿಯುವಾಗ ಚಕ್ರ ಜೋರಾಗಿ ಬಡಿದು ಪ್ರಯಾಣಿಕರು ಮುಖ ಮುಖ ನೋಡಿಕೊಂಡರೆ, ಆ ಬಡಿತ ಎಷ್ಟಿತ್ತು, ರನ್‌ವೇಯ ಎಷ್ಟು ಅಡಿ ಕಳೆದು ಊರಿತು, ವೇಗ ಮಿತಿಯೊಳಗಿತ್ತೇ ಎಂಬುದನ್ನು ಕಂಪನಿಯ ಸುರಕ್ಷತಾ ವಿಭಾಗ ನೋಡಬೇಕು. ಒಂದೇ ನಿಲ್ದಾಣದಲ್ಲಿ ಹಲವರು ಎತ್ತರದಿಂದ ಬಂದು ಇಳಿಯುತ್ತಿದ್ದಾರೆಂದು ಕಂಡರೆ ದೋಷ ಪೈಲಟ್ಟರದ್ದಲ್ಲ, ಅಲ್ಲಿಗೆ ಬರುವ ದಾರಿಯದ್ದು. ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕೆಂದು ಬಹುಕಾಲದಿಂದ ಕೇಳುತ್ತಿರುವ ರಾಯಚೂರಿನವರು ರನ್‌ವೇಯ ಉದ್ದದ ಜತೆಗೆ ಕೇಳಬೇಕಾದ ಪ್ರಶ್ನೆ ಇದೂ ಹೌದು: ಅಲ್ಲಿಗೆ ಬರುವ ಕಂಪನಿ ಈ ದತ್ತಾಂಶವನ್ನು ಎಷ್ಟು ಶ್ರದ್ಧೆಯಿಂದ ಓದುತ್ತದೆ?

ಸಣ್ಣ ವಿಮಾನಗಳ ಕತೆ ಬೇರೆ. ಎಫ್‌ಡಿಆರ್, ಸಿವಿಆರ್ ಕುರಿತ ಪೂರ್ಣ ನಿಯಮಗಳೆಲ್ಲ ಹೆಚ್ಚಾಗಿ 5,700 ಕೆ.ಜಿ. ದಾಟಿದ ವಿಮಾನಗಳಿಗೆ. ಗಿಣಿಗೇರಾದ ಏರ್‌ಸ್ಟ್ರಿಪ್ಪಿನಂಥ ಕಡೆ ಇಳಿಯುವ ಪುಟ್ಟ ವಿಮಾನಗಳಲ್ಲಿ, ಚುನಾವಣೆ ಬಂತೆಂದರೆ ಗಂಗಾವತಿ, ಸಿಂಧನೂರಿನ ಮೈದಾನಗಳಲ್ಲಿ ದೂಳೆಬ್ಬಿಸುವ ಹಗುರ ಹೆಲಿಕಾಪ್ಟರುಗಳಲ್ಲಿ, ಅಂಥ ಪೆಟ್ಟಿಗೆ ಇರಲೇಬೇಕೆಂದಿಲ್ಲ.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದದ್ದು ಬಳ್ಳಾರಿ, ರಾಯಚೂರಿನವರಿಗೆ ಪಕ್ಕದ ಮನೆಯ ಸುದ್ದಿ. ಸ್ಫೋಟ, ಸಂಚು ಎಂದು ಎಷ್ಟೋ ದಿನ ಮಾತು ಹರಿದಾಡಿತು. ಆ ಹೆಲಿಕಾಪ್ಟರಿನಲ್ಲಿ ಸಿವಿಆರ್ ಇತ್ತು. ಕೆಟ್ಟ ಹವೆಯಲ್ಲಿ ಹಾರುತ್ತಿದ್ದ ಇಬ್ಬರು ಪೈಲಟ್ಟುಗಳು ಗೇರ್‌ಬಾಕ್ಸ್ ಎಣ್ಣೆಯ ಒತ್ತಡದ ಎಚ್ಚರಿಕೆಗೆ ಏನು ಮಾಡಬೇಕೆಂದು ಕೈಪಿಡಿಯ ಪುಟ ಹುಡುಕುತ್ತ ಹಲವು ನಿಮಿಷ ಕಳೆದದ್ದು ಅದರಿಂದ ಹೊರಬಂತು. ಪುಟ ತಿರುವುತ್ತಿದ್ದ ಆ ನಿಮಿಷಗಳ ಧ್ವನಿ ಉಳಿಯದಿದ್ದರೆ ತನಿಖೆಯ ಕೈಯಲ್ಲಿ ಇರುತ್ತಿದ್ದುದು ಗುಡ್ಡದ ಮೇಲೆ ಚೆದುರಿದ ಲೋಹದ ಚೂರುಗಳು ಮಾತ್ರ.